ಪಾಲು ಯಾರದು, ಹಂಗು ಯಾರದು?

ದಂಪತಿಗಳಲ್ಲಿ ಒಬ್ಬರಿಗೆ ಕಣ್ಣು ಮಂದವಾದಾಗ ಈ ದೇಶದ ಸರ್ಕಾರ ಒಂದಿಷ್ಟು ಹಣ ಕೊಡುತ್ತದೆ. ಅದನ್ನು ಕೇಳಿ ಪಡೆಯುವುದು ಸರಿಯೇ? ಪ್ರಶ್ನೆ ಸುಲಭವಾಗಿಯೇ ಇದೆ. ಆದರೆ ನಮ್ಮ ಕನ್ನಡ ಮನೆಗಳಲ್ಲಿ ಈ ಮಾತು ಬಂದಾಗ ದನಿ ತಾನಾಗಿ ತಗ್ಗುತ್ತದೆ. "ನಮಗೇನು ಕಡಿಮೆಯಾಗಿದೆ?" ಎನ್ನುತ್ತಾರೆ ಕೆಲವರು. "ಇನ್ನೊಬ್ಬರ ಮುಂದೆ ಕೈ ಚಾಚುವುದು ಬೇಡ" ಎನ್ನುತ್ತಾರೆ ಮತ್ತೆ ಕೆಲವರು. "ಮೊದಲು ಮಗಳ ಮದುವೆ ಆಗಲಿ, ಆಮೇಲೆ ನೋಡೋಣ" ಎಂಬುದು ಮೂರನೆಯ ಮಾತು. ಈ ಮಾತುಗಳ ಹಿಂದೆ ಮರ್ಯಾದೆ ಇದೆ, ಸಂಕೋಚ ಇದೆ, ಭಯವೂ ಇದೆ. ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಗಾಗಿಯೇ ಇದನ್ನು ಧರ್ಮದ ಪ್ರಶ್ನೆಯೆಂದು ಹಿಡಿದು ಸ್ವಲ್ಪ ಯೋಚಿಸೋಣ ಎನಿಸಿತು.

ಮೊದಲು ವಿಷಯ ಏನೆಂದು ತಿಳಿದುಕೊಳ್ಳೋಣ. ಇಂಗ್ಲೆಂಡಿನಲ್ಲಿ ದುಡಿಯುವ ವಯಸ್ಸಿನವರಿಗೆ ಸಿಗುವುದು ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್. ಎಲ್ಲರೂ ಪಿಪ್ ಎಂದೇ ಕರೆಯುತ್ತಾರೆ. ಹಿಂದೆ ಇದ್ದ ಡಿಸೆಬಿಲಿಟಿ ಲಿವಿಂಗ್ ಅಲೊವೆನ್ಸ್ ಬದಲಿಗೆ 2013ರಲ್ಲಿ ಇದು ಬಂತು. ಸ್ಕಾಟ್ಲೆಂಡಿನಲ್ಲಿ 2022ರಿಂದ ಇದರ ಜಾಗದಲ್ಲಿ ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ. ಪಿಪ್‌ನಲ್ಲಿ ಎರಡು ಭಾಗ: ದಿನನಿತ್ಯದ ಬದುಕಿಗೆ ಒಂದು, ಓಡಾಟಕ್ಕೆ ಒಂದು. ದಿನನಿತ್ಯದ ಕೆಲಸಗಳು ಹತ್ತು, ಓಡಾಟದವು ಎರಡು, ಒಟ್ಟು ಹನ್ನೆರಡು. ಪ್ರತಿಯೊಂದಕ್ಕೂ ಅಂಕಗಳಿವೆ. ಒಂದು ಭಾಗದಲ್ಲಿ 8 ಅಂಕ ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ. ಸಂಬಳ, ಉಳಿತಾಯ, ಸ್ವಂತ ಮನೆ, ಗಂಡನ ಅಥವಾ ಹೆಂಡತಿಯ ಆದಾಯ ಯಾವುದನ್ನೂ ಇದಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದರೂ ಪಡೆಯಬಹುದು. ತೆರಿಗೆಯೂ ಇಲ್ಲ. ಆಸ್ಪತ್ರೆಯ ಹಿರಿಯ ಕಣ್ಣಿನ ವೈದ್ಯರು ಸಹಿ ಹಾಕಿ ಕೊಡುವ ದೃಷ್ಟಿದೋಷದ ಪ್ರಮಾಣಪತ್ರ ಒಳ್ಳೆಯ ಆಧಾರ. ಆದರೆ ಅದೊಂದರಿಂದಲೇ ಪಿಪ್ ಸಿಗುವುದಿಲ್ಲ, ಅದಿಲ್ಲದಿದ್ದರೆ ಅರ್ಜಿ ಹಾಕಬಾರದು ಎಂದೂ ಇಲ್ಲ. ನೋಡುವುದು ರೋಗದ ಹೆಸರನ್ನಲ್ಲ, ಅದರಿಂದ ಬದುಕು ಎಷ್ಟು ಕಷ್ಟವಾಗಿದೆ ಎಂಬುದನ್ನು.

ಈಗ ಹಂಗಿನ ಮಾತಿಗೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಬಂದ ಬಡ ಹುಡುಗರು ವಾರಾನ್ನ ಉಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗೆ ಓದಿ ದೊಡ್ಡವರಾದವರನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪಂಚಾಕ್ಷರಿ ಗವಾಯಿಗಳು ಕಟ್ಟಿದರು, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದರು. ಇಬ್ಬರೂ ಕಣ್ಣಿಲ್ಲದವರೇ. ಭಕ್ತರ ಕಾಣಿಕೆಯಿಂದ ನಡೆದ ಆ ಆಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಅನ್ನದ ಜೊತೆಗೆ ಸಂಗೀತವನ್ನೂ ಪಡೆದರು. ಅದನ್ನು ಯಾರೂ ಕೀಳೆಂದು ತಿಳಿಯಲಿಲ್ಲ. ಪಡೆಯುವುದೇ ಅವಮಾನ ಎಂಬುದು ನಮ್ಮ ಪರಂಪರೆಯ ಮಾತಲ್ಲ.

ಆದರೂ ದಾನದಲ್ಲಿ ಒಂದು ತೊಡಕಿದೆ. ಕೊಡುವವರ ಮುಖ ನಮಗೆ ಗೊತ್ತಿರುತ್ತದೆ. ಗುರುವಾರದ ಮನೆಯವರು ಊರಿಗೆ ಹೋದರೆ ಗುರುವಾರ ಉಪವಾಸ. ಇಕ್ಕುವ ಕೈ ಸಿಡುಕಿದರೆ ತಲೆ ತಗ್ಗಿಸಿ ಉಣ್ಣಬೇಕು. ಇದೇ ಹಂಗು. ಈ ದೇಶದ ದೃಷ್ಟಿಹೀನರೂ ಇದನ್ನು ಉಂಡವರೇ. ಧರ್ಮಸಂಸ್ಥೆಗಳು ನಡೆಸುತ್ತಿದ್ದ ಕಾರ್ಯಾಗಾರಗಳಲ್ಲಿ ಅಲ್ಪ ಕೂಲಿಗೆ ದುಡಿಯುತ್ತಿದ್ದ ಅಂಧ ಕಾರ್ಮಿಕರು 1920ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್, ಲೀಡ್ಸ್, ನ್ಯೂಪೋರ್ಟ್‌ಗಳಿಂದ ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಬಂದರು. ನಮಗೆ ದಾನ ಬೇಡ, ನ್ಯಾಯ ಬೇಕು ಎಂಬುದು ಅವರ ಬ್ಯಾನರಿನ ಮಾತು. ಅದೇ ವರ್ಷ ಅಂಧರ ಕಾಯ್ದೆ ಬಂತು. ಉಳಿದವರಿಗೆ 70ನೇ ವಯಸ್ಸಿಗೆ ಸಿಗುತ್ತಿದ್ದ ಪಿಂಚಣಿ ಅಂಧರಿಗೆ 50ಕ್ಕೇ ಸಿಗುವಂತಾಯಿತು. ಹಂಗು ಹಕ್ಕಾಗಲೆಂದು ಕಣ್ಣು ಕಾಣದವರೇ ನೂರಾರು ಮೈಲಿ ನಡೆದು ಕೇಳಿದ್ದನ್ನು, ಇಂದು ನಾವು ಮತ್ತೆ ಹಂಗೆಂದು ಕರೆಯುವುದು ನ್ಯಾಯವೇ?

"ಅದು ಅವರ ದೇಶದವರ ಮಾತು, ನಾವು ಹೊರಗಿನಿಂದ ಬಂದವರು" ಎನ್ನಬಹುದು. ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ, "ನಾವೂ ತೆರಿಗೆ ಕಟ್ಟಿದ್ದೇವಲ್ಲ" ಎಂದು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. ಹುಟ್ಟಿನಿಂದ ಕಣ್ಣಿಲ್ಲದ, ಒಂದು ದಿನವೂ ಸಂಬಳ ಪಡೆಯದ ಹುಡುಗನಿಗೂ ಈ ಹಣ ಸಿಗುತ್ತದೆ. ಅಂದರೆ ಇದು ಕಟ್ಟಿದ್ದಕ್ಕೆ ಪ್ರತಿಯಾಗಿ ವಾಪಸು ಬರುವ ಹಣವಲ್ಲ. ಕೂಡಿ ಬಾಳುವ ಮನೆಯಲ್ಲಿ ಕೈಲಾಗದವರಿಗೆ ಒಂದು ತುತ್ತು ಹೆಚ್ಚು ಇಕ್ಕುವ ರೀತಿ ಇದು. ಆ ಮನೆಯವರು ಯಾರು ಎಂಬುದನ್ನು ಕಾನೂನು ಹೇಳಿದೆ. ವೀಸಾದಲ್ಲಿ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್ ಎಂಬ ಷರತ್ತು ಇರುವವರು ಪಿಪ್ ಕೇಳುವಂತಿಲ್ಲ. ಕೇಳಿದರೆ ವೀಸಾಗೇ ತೊಂದರೆ ಬರಬಹುದು. ಇಲ್ಲೇ ನೆಲೆಸಲು ಅನುಮತಿ ಪಡೆದವರಿಗೆ ಸಾಮಾನ್ಯವಾಗಿ ಆ ಷರತ್ತು ಇರುವುದಿಲ್ಲ. ಇಲ್ಲಿ ಎಷ್ಟು ಕಾಲ ಇದ್ದೀರಿ ಎಂಬ ಲೆಕ್ಕ ಬೇರೆ ಇದೆ, ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಇಲ್ಲಿ ಇದ್ದಿರಬೇಕು. ಗೆರೆಯ ಆಚೆ ಇದ್ದಾಗ ಒಳಗೆ ಕೈ ಹಾಕಬಾರದು. ಗೆರೆಯ ಒಳಗೆ ಬಂದ ಮೇಲೆ ಹೊಸ್ತಿಲಲ್ಲೇ ನಿಂತು ನಾನು ಅತಿಥಿ ಎನ್ನುತ್ತಿರುವುದೂ ಬೇಡ.

"ನಮಗೆ ಸಾಕಷ್ಟಿದೆ, ಬಡವರಿಗೆ ಹೋಗಲಿ" ಎಂಬ ಮಾತಿಗೆ ಹೆಚ್ಚಿನ ತೂಕವಿದೆ. ಬೇಡದ್ದನ್ನು ಬಿಡುವುದು ದೊಡ್ಡ ಗುಣ. ಆದರೆ ಬಿಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಬಿಡುತ್ತಿರುವುದು ಯಾರ ಪಾಲನ್ನು? ಪಿಪ್ ಕುಟುಂಬದ ಹೆಸರಿಗೆ ಬರುವುದಿಲ್ಲ, ಕಣ್ಣು ಕಾಣದವರ ಹೆಸರಿಗೆ ಬರುತ್ತದೆ. ಗಂಡ ಹೆಂಡತಿಗಾಗಿ, ಹೆಂಡತಿ ಗಂಡನಿಗಾಗಿ ಫಾರಂ ಬರೆದುಕೊಡಬಹುದು, ಆದರೆ ಅರ್ಜಿ ಅವರದೇ, ಸಹಿಯೂ ಅವರದೇ. ದೊಡ್ಡ ಅಕ್ಷರದಲ್ಲಿ, ಬ್ರೈಲ್‌ನಲ್ಲಿ ಕಾಗದಪತ್ರ ಕೇಳಿ ಪಡೆಯಬಹುದು. ಕಣ್ಣು ಕಾಣದಿದ್ದರೆ ಬುದ್ಧಿಯೂ ಇಲ್ಲವೆಂದು ಕಾನೂನು ತಿಳಿದಿಲ್ಲ. ತಿಳಿದಿರುವುದು ಕೆಲವೊಮ್ಮೆ ನಾವು.

ಧರ್ಮರಾಯ ಮೊದಲು ತನ್ನನ್ನು ಸೋತು, ಆಮೇಲೆ ದ್ರೌಪದಿಯನ್ನು ಪಣಕ್ಕಿಟ್ಟ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು ಎಂದು ಆಕೆ ಸಭೆಯಲ್ಲಿ ಕೇಳಿದಳು. ಭೀಷ್ಮರಿಗೂ ನೇರ ಉತ್ತರ ಕೊಡಲಾಗಲಿಲ್ಲ. ನಮ್ಮದು ಅಷ್ಟು ದೊಡ್ಡ ಸಭೆಯಲ್ಲ, ಊಟದ ಮೇಜಿನ ಮಾತು. ಆದರೂ ಪ್ರಶ್ನೆ ಅದೇ ಜಾತಿಯದು. ತನ್ನ ಪಾಲನ್ನು ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬರ ಪಾಲನ್ನು, ಅವರನ್ನು ಕೇಳದೆ, ನನ್ನ ಮರ್ಯಾದೆ ಉಳಿಯಲೆಂದು ಬಿಟ್ಟುಕೊಟ್ಟರೆ ಅದು ತ್ಯಾಗವಲ್ಲ. ಕಣ್ಣು ಮಂಜಾದವರ ದಿನ ಹೇಗಿರುತ್ತದೆ ನೋಡಿ. ದೇವಸ್ಥಾನಕ್ಕೆ ಬರಬೇಕೆಂದರೆ ಗಂಡ ಕಾರು ತೆಗೆಯಬೇಕು. ಅಂಗಡಿಗೆ ಹೋಗಬೇಕೆಂದರೆ ಮಗನಿಗೆ ಬಿಡುವಿರಬೇಕು. "ಯಾರಿಗಾದರೂ ತೊಂದರೆ ಕೊಡಬೇಕಲ್ಲ" ಎಂದು ಅವರು ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ. ತಮ್ಮದೇ ಹಣದಲ್ಲಿ ಟ್ಯಾಕ್ಸಿ ಹತ್ತಿ, ಬೇಕಾದಾಗ ಬಂದು ಬೇಕಾದಾಗ ಹೋಗುವಂತಾದರೆ ಅವರ ತಲೆಯ ಮೇಲಿನ ಹಂಗಿನ ಭಾರ ಅಷ್ಟು ಇಳಿದಂತೆ. ಸರ್ಕಾರದ ಹಂಗು ಬೇಡವೆಂದು ನಾವು ಎದೆ ತಟ್ಟಿಕೊಳ್ಳುವಾಗ, ಮನೆಯೊಳಗೆ ನಮ್ಮ ಹಂಗಿನಲ್ಲಿ ಒಬ್ಬರು ದಿನ ದೂಡುತ್ತಿರುತ್ತಾರೆ.

ಇನ್ನು ಸತ್ಯದ ಪ್ರಶ್ನೆ. ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ನನ್ನ ಶ್ರೀಮತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆಕೆಗೆ ಇರುವುದು ರೆಟಿನೈಟಿಸ್ ಪಿಗ್ಮೆಂಟೋಸ. ಮೊದಲು ಇರುಳುಗಣ್ಣು ಬರುತ್ತದೆ, ಆಮೇಲೆ ಅಕ್ಕಪಕ್ಕದ ನೋಟ ವರ್ಷವರ್ಷಕ್ಕೆ ಕುಗ್ಗಿ, ಕೊಳವೆಯಲ್ಲಿ ಇಣುಕಿದಂತೆ ನಡುವಿನದಷ್ಟೇ ಉಳಿಯುತ್ತದೆ. ಅಂಥವರು ಒಳ್ಳೆಯ ಬೆಳಕಿನಲ್ಲಿ ಪತ್ರಿಕೆ ಓದಬಲ್ಲರು, ಪಕ್ಕದಲ್ಲಿರುವ ಕುರ್ಚಿ ಎಡವಿ ಬೀಳಬಲ್ಲರು. ಬಿಳಿ ಕೋಲು ಹಿಡಿದವರು ಫೋನ್ ನೋಡುತ್ತಿದ್ದರೆ ನಾಟಕವೆಂದು ಆಡಿಕೊಳ್ಳುವವರಿಗೆ ಇದು ತಿಳಿದಿರಲಿ.

ಫಾರಂನಲ್ಲಿ ಅಡುಗೆಯ ಪ್ರಶ್ನೆ ಬಂತು. ತಾಜಾ ತರಕಾರಿಯಿಂದ ಒಬ್ಬರಿಗಾಗುವಷ್ಟು ಸರಳ ಅಡುಗೆ ಮಾಡಬಲ್ಲಿರಾ? ಆಕೆ ಮೂವತ್ತು ವರ್ಷ ಈ ಮನೆಗೆ ಅನ್ನ ಹಾಕಿದವಳು. ಸಾಸಿವೆ ಸಿಡಿಯುವ ಸದ್ದಿನಿಂದ ಒಗ್ಗರಣೆಯ ಹದ ತಿಳಿಯುತ್ತದೆ, ಇಂಗಿನ ಘಮದಿಂದ ಎಣ್ಣೆಯ ಕಾವು ತಿಳಿಯುತ್ತದೆ. "ರೀ, ನನ್ನ ಕೈಲಿ ಅಡುಗೆ ಆಗಲ್ಲ ಅಂತ ಬರೀತೀರಾ?" ಎಂದಳು. "ಇಲ್ಲ, ನೀನು ಹೇಳಿದ್ದನ್ನೇ ಬರೀತೀನಿ" ಎಂದೆ. ನಿಯಮವನ್ನು ಓದಿ ಹೇಳಿದೆ. ಮಾಡಬಲ್ಲಿರಾ ಎಂದರೆ ಅಪಾಯವಿಲ್ಲದೆ, ತಕ್ಕಮಟ್ಟಿಗೆ ಚೆನ್ನಾಗಿ, ಬೇಕಾದಷ್ಟು ಸಲ, ಹಿಡಿಯಬೇಕಾದಷ್ಟೇ ಹೊತ್ತಿನಲ್ಲಿ ಮಾಡಬಲ್ಲಿರಾ ಎಂದು ಅರ್ಥ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂಗೈ ನೇವರಿಸಿಕೊಂಡಳು. ಅಲ್ಲಿ ನಾಲ್ಕು ಸುಟ್ಟ ಗುರುತುಗಳಿವೆ. "ಹಾಗಾದ್ರೆ ಇದನ್ನೂ ಬರೀರಿ. ಸಾರು ಮಾಡ್ತೀನಿ ಅಂತಾನೂ ಬರೀರಿ" ಎಂದಳು. ಎರಡನ್ನೂ ಬರೆದೆವು.

ನನ್ನ ಮಟ್ಟಿಗೆ ಇಡೀ ವಿಷಯದ ಧರ್ಮ ಆ ಎರಡು ವಾಕ್ಯಗಳಲ್ಲಿದೆ. ಇಲ್ಲದ ಕಷ್ಟವನ್ನು ಇದೆಯೆಂದು ಬರೆಯುವುದು ಸುಳ್ಳು, ಕಳ್ಳತನ. ಅದು ಎಲ್ಲರಿಗೂ ಗೊತ್ತು. ಇರುವ ಕಷ್ಟವನ್ನು ಇಲ್ಲವೆನ್ನುವುದೂ ಸುಳ್ಳೇ, ಅದನ್ನು ಮಾತ್ರ ನಾವು ಸ್ವಾಭಿಮಾನ ಎನ್ನುತ್ತೇವೆ. "ಹೇಗಿದ್ದೀರಿ?" ಎಂದು ಯಾರೇ ಕೇಳಲಿ, "ದೇವರ ದಯೆ, ಎಲ್ಲ ಚೆನ್ನಾಗಿದೆ" ಎನ್ನುವುದು ನಮ್ಮ ಅಭ್ಯಾಸ. ದೇವಸ್ಥಾನದ ಅಂಗಳದಲ್ಲಿ ಅದು ಸೌಜನ್ಯ. ಪರೀಕ್ಷಿಸಲು ಬಂದವರ ಮುಂದೆಯೂ ಅದನ್ನೇ ಹೇಳಿದರೆ, ಗೋಡೆ ಸವರಿಕೊಂಡು ನಡೆದ ದಿನಗಳನ್ನೆಲ್ಲ ಅಳಿಸಿಹಾಕಿದಂತೆ. ಅರ್ಜಿ ತಿರಸ್ಕಾರವಾದರೆ ಮರುಪರಿಶೀಲನೆ ಕೇಳಲು ಒಂದು ತಿಂಗಳ ಅವಕಾಶವಿದೆ, ಆಮೇಲೆ ಸ್ವತಂತ್ರ ಟ್ರಿಬ್ಯುನಲ್ ಇದೆ. ಹಾಗೆ ಕೇಳುವುದು ಜಗಳವಲ್ಲ, ಸತ್ಯವನ್ನು ಎರಡನೆಯ ಸಲ ಹೇಳುವುದು.

ಮಗಳ ಮದುವೆಯ ಮಾತಿಗೆ ಕಾಲದ ಲೆಕ್ಕವೂ ಸೇರಿದೆ. ಪಿಪ್ ಸಿಗುವುದು ಅರ್ಜಿ ಹಾಕಿದಂದಿನಿಂದ, ಹಿಂದಿನ ವರ್ಷಗಳ ಬಾಕಿ ಬರುವುದಿಲ್ಲ. ಸ್ಟೇಟ್ ಪೆನ್ಷನ್ ವಯಸ್ಸು ದಾಟಿದ ಮೇಲೆ ಹೊಸದಾಗಿ ಪಿಪ್ ಕೇಳಲಾಗದು. ಆಗ ಇಂಗ್ಲೆಂಡಿನಲ್ಲಿ ಸಿಗುವುದು ಅಟೆಂಡೆನ್ಸ್ ಅಲೊವೆನ್ಸ್. ಅದರಲ್ಲಿ ಓಡಾಟದ ಭಾಗವೇ ಇಲ್ಲ. ಮುಚ್ಚಿಟ್ಟು ಕಾದವರಿಗೆ ಆ ಭಾಗ ತಪ್ಪಿಹೋಗುತ್ತದೆ. ಅಲ್ಲದೆ ಈ ಹಣ ಬರುತ್ತಿರುವುದನ್ನು ಸರ್ಕಾರ ಯಾರಿಗೂ ಸಾರುವುದಿಲ್ಲ. ಬೀಗರಾಗುವವರಿಗೆ ಹೇಳಬೇಕಾದದ್ದು ಹಣದ ವಿಷಯವಲ್ಲ, ಮನೆಯಲ್ಲಿರುವ ಕಾಯಿಲೆಯ ವಿಷಯ. ಅದನ್ನು ನೇರವಾಗಿ, ಮೊದಲೇ ಹೇಳುವುದು ಬೇರೆಯದೇ ಒಂದು ಕರ್ತವ್ಯ.

ಕೊನೆಯದಾಗಿ ಕರ್ಮದ ಮಾತು. "ಪ್ರಾರಬ್ಧ, ಅನುಭವಿಸಬೇಕು" ಎಂದು ನೊಂದವರೇ ತಮಗೆ ಹೇಳಿಕೊಂಡರೆ ಸಮಾಧಾನ. ಪಕ್ಕದಲ್ಲಿ ಕುಳಿತವರು ಹೇಳಿದರೆ ಅದು ಜಾರಿಕೊಳ್ಳುವ ದಾರಿ. ಕುರುಡ ಗಂಡನಿಗಾಗಿ ಗಾಂಧಾರಿ ತನ್ನ ಕಣ್ಣಿಗೂ ಬಟ್ಟೆ ಕಟ್ಟಿಕೊಂಡಳು. ಆಕೆಯ ನಿಷ್ಠೆಗೆ ಕೈ ಮುಗಿಯೋಣ. ಆದರೆ ಧೃತರಾಷ್ಟ್ರನಿಗೆ ಬೇಕಾಗಿದ್ದದ್ದು ಜೊತೆಗೆ ಇನ್ನೊಂದು ಕತ್ತಲೆಯಲ್ಲ, ಪಕ್ಕದಲ್ಲಿ ತೆರೆದಿರುವ ಎರಡು ಕಣ್ಣು. ಸಂಗಾತಿಯ ಕಷ್ಟದಲ್ಲಿ ಪಾಲುಗೊಳ್ಳುವುದೆಂದರೆ ನಾವೂ ಕಣ್ಣು ಮುಚ್ಚಿಕೊಂಡು ಕೂರುವುದಲ್ಲ. ಬಂದ ಕಾಗದವನ್ನು ಓದಿ ಹೇಳುವುದು, ದಿನಾಂಕ ನೆನಪಿಡುವುದು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು. ಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಬೇಡವೆಂದರೆ ಅದು ಅವರ ತ್ಯಾಗ, ಬೇಕೆಂದರೆ ಅದು ಅವರ ಪಾಲು. ಎರಡರಲ್ಲಿ ಯಾವುದಾದರೂ ನಾವು ತಲೆ ತಗ್ಗಿಸಬೇಕಾದ್ದಿಲ್ಲ.