ಬಿತ್ತುವಟ್ಟ ಇಲ್ಲದ ಕೆರೆ

ಹೋದ ವರ್ಷ ಒಂದು ಸಂಜೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. "ಸರ್, ನಾನು ನಿಮ್ಮ ಹಳೇ ಕಂಪನೀಲಿದೀನಿ. ಹೊಳಲ್ಕೆರೆಯವಳು. ಕರ್ನಲ್‌ಗೆ ನೀವು ಸೇರಿಸಿದ ಒಂದು ಸಿಸ್ಟಂ ಕಾಲ್ ಇದೆಯಲ್ಲ, ಅದನ್ನ ಈಗ ಯಾರು ಬಳಸ್ತಾರೆ? ತೆಗೆದುಬಿಡ್ಲಾ?"

ನನಗೆ ಗೊತ್ತಿರಲಿಲ್ಲ.

ಅದನ್ನು ಬರೆದು ಏಳು ವರ್ಷವಾಗಿತ್ತು. ಒಬ್ಬ ಗಿರಾಕಿಯ ಒತ್ತಾಯಕ್ಕೆ ಮಾಡಿದ ಎರಡು ವಾರದ ಕೆಲಸ. ಗಿರಾಕಿ ಖುಷಿ, ಮ್ಯಾನೇಜರ್ ಖುಷಿ, ನನಗೂ ಒಳ್ಳೆ ಹೈಕ್. ಆಮೇಲೆ ಕೆಲಸ ಬಿಟ್ಟೆ. ಕಂಪನಿ ಹೊಸ ಕರ್ನಲ್‌ಗೆ ಹೋದಾಗಲೆಲ್ಲ ಯಾರೋ ಒಬ್ಬರು ನನ್ನ ಕೋಡನ್ನು ಅದಕ್ಕೆ ಹೊಂದಿಸುತ್ತಾ ಬಂದಿದ್ದಾರೆ. ಹೊಗಳಿಸಿಕೊಂಡವನು ನಾನು, ದುಡಿದವರು ಅವರು. ಇದು ಸರಿಯಾ?

ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಸಿಸ್ಟಂ ಕಾಲ್ ಅಂದರೆ ಉಳಿದ ಪ್ರೋಗ್ರಾಂಗಳು ಅದರ ಹತ್ತಿರ ಕೆಲಸ ಕೇಳುವ ಬಾಗಿಲು. ಕರ್ನಲ್ ಬದಲಾಯಿತು ಅಂತ ಓಡುತ್ತಿದ್ದ ಪ್ರೋಗ್ರಾಂ ನಿಲ್ಲಬಾರದು ಅನ್ನೋದು ಲಿನಕ್ಸ್‌ನ ಲೈನಸ್ ಟೊರ್ವಾಲ್ಡ್ಸ್ ಅವರ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಬಾಗಿಲು ತೆರೆಯೋದು ಸುಲಭ, ಮುಚ್ಚೋದು ಕಷ್ಟ. ರೈಸರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಲಿನಕ್ಸ್‌ಗೆ ಸೇರಿದ್ದು 2001ರಲ್ಲಿ. ಬಳಸುವವರು ವಿರಳವಾದ ಮೇಲೂ, ಸುತ್ತಲಿನ ಕೋಡ್ ಬದಲಾದಾಗಲೆಲ್ಲ ಅದನ್ನೂ ತಿದ್ದಬೇಕಿತ್ತು. ತೆಗೆಯುತ್ತೇವೆ ಅಂತ 2022ರಲ್ಲೇ ಹೇಳಿ, ಜನಕ್ಕೆ ಟೈಮ್ ಕೊಟ್ಟು, 2025ರ ಜನವರಿಯಲ್ಲಿ ಬಂದ 6.13ನೇ ಆವೃತ್ತಿಯಲ್ಲಿ ಕೈಬಿಟ್ಟರು.

ಹಾಗಾದರೆ ಹೊಸದೇನೂ ಸೇರಿಸಲೇಬಾರದಾ? ಚಿತ್ರದುರ್ಗ ಜಿಲ್ಲೆಯ ನನಗೆ ಹಾಗನ್ನಲು ಬಾಯಿ ಬರಲ್ಲ. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟೆ ಇಲ್ಲದಿದ್ದರೆ ಹಿರಿಯೂರಿನ ತೋಟಗಳೆಲ್ಲಿ? ಆದರೆ ಅದೇ ಅಣೆಕಟ್ಟೆ ಇನ್ನೊಂದನ್ನೂ ಹೇಳುತ್ತೆ. ಅದು 1933ರಲ್ಲಿ ಕೋಡಿ ಬಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ನೀರೇ ಹರಿಯದಿದ್ದರೂ ಕೋಡಿ ಗಟ್ಟಿಯಾಗಿರಲೇಬೇಕಿತ್ತು. ಅಪರೂಪಕ್ಕೆ ಓಡುವ ಕೋಡೂ ಹಾಗೇ. ಓಡುವ ದಿನ ಕೈಕೊಡಬಾರದು. ಅಷ್ಟು ವರ್ಷದಲ್ಲಿ ಜನ ಹಿನ್ನೀರು ಇಷ್ಟೇ ಅಂತ ನಂಬಿ ತೋಟ ಮಾಡಿದ್ದರು. ಕೆರೆ ತುಂಬಿದಾಗ ಹೊಸದುರ್ಗದ ಕಡೆ ತೋಟಗಳಿಗೆ ನೀರು ನುಗ್ಗಿತು. ನಾವು ಕೊಡದ ಮಾತನ್ನೂ ಜನ ನಂಬಿ ಬದುಕು ಕಟ್ಟಿರುತ್ತಾರೆ. ತೆಗೆಯುವವರು, ಬದಲಿಸುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನುವ ಮಾತು ಬರುತ್ತೆ. ಕೆರೆಯ ನಿರ್ವಹಣೆಗೆ ಅಂತಲೇ ಬಿಟ್ಟ ದತ್ತಿ ಅದು. ಕಟ್ಟಿಸಿದ ಪುಣ್ಯ ಒಬ್ಬರಿಗೆ ಬಂದರೂ, ಹೂಳೆತ್ತುವ ಖರ್ಚಿಗೆ ದಾರಿ ಮಾಡಿಟ್ಟಿರುತ್ತಿದ್ದರು. ನಮ್ಮೂರ ಕೆರೆಗೆ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು ಅಂತ ಯಾರನ್ನ ಕೇಳಬೇಕೋ ಊರಿಗೆಲ್ಲ ಗೊತ್ತಿತ್ತು. ಲಿನಕ್ಸ್‌ನಲ್ಲೂ ಯಾವ ಭಾಗ ಯಾರು ನೋಡಿಕೊಳ್ಳುತ್ತಾರೆ ಅಂತ ಬರೆದಿಟ್ಟ ಪಟ್ಟಿ ಇದೆ. ನೋಡುವವರಿಲ್ಲದ ಭಾಗದ ಮುಂದೆ 'ಅನಾಥ' ಅಂತಲೇ ಬರೆಯುತ್ತಾರೆ.

ಇದಕ್ಕೊಂದು ತಕರಾರಿದೆ. ಬಿತ್ತುವಟ್ಟ ತಂದವರಿಗೆ ಮಾತ್ರ ಪ್ರವೇಶ ಅಂದರೆ ದುಡ್ಡಿರುವ ಕಂಪನಿಗಳ ಫೀಚರ್ ಮಾತ್ರ ಒಳಗೆ ಬರುತ್ತೆ. ಯಾವುದೋ ಊರಲ್ಲಿ ಕೂತು ಒಬ್ಬನೇ ಕೋಡ್ ಬರೆಯುವ ಹುಡುಗ ಹೊರಗೇ ಉಳಿಯುತ್ತಾನೆ. ಈ ಮಾತು ನಿಜ. ಆದರೆ ಬಿತ್ತುವಟ್ಟ ದುಡ್ಡೇ ಆಗಬೇಕಿಲ್ಲ. ಇದು ಯಾರಿಗಾಗಿ, ಯಾಕೆ, ಹೀಗೇ ಯಾಕೆ ಬರೆದೆ, ಯಾವಾಗ ತೆಗೆಯಬಹುದು ಅಂತ ನಾಲ್ಕು ಸಾಲು ಬರೆದಿಡೋಕೆ ಕಾಸು ಬೇಡ. ಅರ್ಧ ದಿನ ಸಾಕು. ನಾನು ಅದನ್ನೂ ಮಾಡಿರಲಿಲ್ಲ. ಇನ್ನೊಬ್ಬರ ಹೆಸರಲ್ಲಿ ಸಾಲ ಮಾಡಿ, ಪತ್ರವನ್ನೂ ಕೊಡದೆ ಊರು ಬಿಟ್ಟ ಹಾಗಾಯ್ತು.

ನೆನಪಿದ್ದಷ್ಟನ್ನು ಆ ರಾತ್ರಿಯೇ ಮೇಲ್‌ನಲ್ಲಿ ಬರೆದು ಕಳಿಸಿದೆ. ಆ ಬಾಗಿಲನ್ನು ಯಾರಾದರೂ ತಟ್ಟುತ್ತಾರಾ ಅಂತ ಲೆಕ್ಕ ಇಡೋಕೆ ಹೇಳಿದೆ. ತಿಂಗಳ ನಂತರ ಮತ್ತೆ ಫೋನ್ ಬಂತು. ಅಷ್ಟರಲ್ಲಿ 'ಸರ್' ಹೋಗಿ 'ಅಣ್ಣಾ' ಆಗಿತ್ತು.

"ಒಬ್ಬ ಗಿರಾಕಿ ಇನ್ನೂ ಬಳಸ್ತಿದಾರೆ ಅಣ್ಣಾ. ತೆಗೆಯೋ ಹಾಗಿಲ್ಲ."

"ತಪ್ಪಾಯ್ತಮ್ಮ" ಅಂದೆ.

"ಇರ್ಲಿ ಬಿಡಿ ಅಣ್ಣಾ" ಅಂದಳು. ಮುಂದಿನ ಕರ್ನಲ್‌ಗೆ ಅದನ್ನು ಹೊಂದಿಸಬೇಕಾದವಳು ಅವಳೇ.