ನೀರು ಹನಿ ಕಟ್ಟಿದರೆ

ಕಳೆದ ಚಳಿಗಾಲವಿಡೀ ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಎಂಜಿನ್ ಬ್ಲಾಕ್ ಕೂತಿತ್ತು. ಹಳೆಯ ಎಂ.ಜಿ.ಬಿ. ಕಾರಿನದು, 1798 ಸಿಸಿ. ಆ ಕಾರನ್ನು ನಾನು ಕೊಂಡದ್ದು ಎಂಜಿನ್ನಿನ ವಂಶ ನೋಡಿ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ ಸೀರೀಸ್’ ಮನೆತನದ್ದು ಅದು. ಅದೇ ಮನೆತನದ 1489 ಸಿಸಿ ಎಂಜಿನ್ 1959ರಿಂದ ನಮ್ಮ ಅಂಬಾಸಿಡರಿನ ಬಾನೆಟ್ಟಿನಡಿ ಬಂತು. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಲ್ಲಿ ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಕಾರೂ ಇದೂ ಒಂದೇ ಬಳ್ಳಿಯ ಕಾಯಿ.

ಅಪ್ಪನ ಕಾರಿಗೆ ಬಿಡುವೆಂಬುದೇ ಇರಲಿಲ್ಲ. ಅಮರೇಶ್ವರ ಜಾತ್ರೆಗೆ ದೇವರಭೂಪುರಕ್ಕೆ ಜನ, ಮದುವೆಗೆ ದಿಬ್ಬಣ, ನಡುರಾತ್ರಿ ಹೆರಿಗೆ ನೋವೆದ್ದ ಹೆಣ್ಣುಮಕ್ಕಳು. ಒಂದು ಬೇಸಿಗೆಯಲ್ಲಿ ಅದು ಎಣ್ಣೆ ಕುಡಿಯತೊಡಗಿ, ನೀಲಿ ಹೊಗೆ ಬಿಟ್ಟು, ಕೊನೆಗೆ ಎಂಜಿನ್ ಇಳಿಸಲೇಬೇಕಾಯಿತು. ಹಿತ್ತಲಿನ ಬೇವಿನ ಮರಕ್ಕೆ ಸರಪಳಿ ಕಪ್ಪಿ ಕಟ್ಟಿ ಇಳಿಸಿದವರು ನನ್ನ ಸೋದರಮಾವ. ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಬ್ಲಾಕು ರಾಯಚೂರಿಗೆ ಹೋಗಿ ಬೋರ್ ಹೊಡೆಸಿಕೊಂಡು ಬಂದ ಮೇಲೆ, ಜೋಡಿಸುವ ಮುಂಚೆ ಬಣ್ಣ ಹಚ್ಚಬೇಕೆಂದು ಅವರೇ ಹಟ ಹಿಡಿದರು. ಒಳಗಿರುವ ಸಾಮಾನಿಗೆ ಬಣ್ಣವೇಕೆ ಎಂದು ಅಪ್ಪ ಗೊಣಗಿದರು. ‘ಎಣ್ಣಿ ಎಲ್ಲಿ ಸೋರತೈತಿ ಅಂತ ಕಾಣಬೇಕಲ್ಲ ಭಾವಾ’ ಎಂದರು ಮಾವ.

ನನಗೆ ಆಗ ಹನ್ನೆರಡು ವರ್ಷ. ತಂತಿ ಬ್ರಷ್ ನನ್ನ ಕೈಗೆ ಬಂತು. ಬೀಡುಕಬ್ಬಿಣದ ಮೈ ನುಣುಪಾಗಿರುವುದಿಲ್ಲ, ಎರಕದ ಮರಳಿನ ಗುರುತು ಹಾಗೇ ಉಳಿದಿರುತ್ತದೆ. ಆ ಸಣ್ಣ ಸಣ್ಣ ತಗ್ಗುಗಳಲ್ಲಿ ಎಣ್ಣೆ, ಮಣ್ಣು ಕೂತು ಕಾದು ಕರಿ ಅಂಟಾಗಿತ್ತು. ಮೊದಲು ಮರದ ಚಕ್ಕೆಯಿಂದ ಕೆರೆದೆವು. ಆಮೇಲೆ ಚಿಮಣಿ ಎಣ್ಣೆಯಲ್ಲಿ ತೊಳೆದೆವು. ನನ್ನ ಪಾಲಿಗೆ ಕೆಲಸ ಅಲ್ಲಿಗೆ ಮುಗಿದಿತ್ತು. ಬ್ಲಾಕು ಮಿರಮಿರ ಹೊಳೆಯುತ್ತಿತ್ತು.

ಮಾವ ಒಂದು ಚೊಂಬು ತಣ್ಣೀರು ತಂದು ಅದರ ಮೇಲೆ ಸುರಿದರು. ನೀರು ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿಯಾಗಿ ಉರುಳಿತು. ‘ನೋಡಲೇ ಅಳಿಯಾ, ಹನಿ ಕಟ್ಟಿದ್ರ ಜಿಡ್ಡು ಇನ್ನೂ ಐತಿ ಅಂತ. ಹಾಳಿ ಹಂಗ ಹರಡಬೇಕು.’ ಚಿಮಣಿ ಎಣ್ಣೆ ಹಳೆಯ ಜಿಡ್ಡನ್ನು ಬಿಡಿಸುತ್ತದೆ, ಆದರೆ ತನ್ನದೇ ಒಂದು ತೆಳು ಜಿಡ್ಡನ್ನು ಬಿಟ್ಟು ಹೋಗುತ್ತದೆ. ಅದರ ಮೇಲೆ ಹಚ್ಚಿದ ಬಣ್ಣ ನಾಲ್ಕು ಸಲ ಎಂಜಿನ್ ಕಾಯುವಷ್ಟರಲ್ಲಿ ಸಿಪ್ಪೆಯೇಳುತ್ತದೆ. ಕುದಿವ ನೀರಿಗೆ ಬಟ್ಟೆ ಸೋಡಾ ಹಾಕಿ ಮೂರು ಸಲ ತಿಕ್ಕಿಸಿದರು. ನಡುವೆ ಬಿಸಿಲಿಗಿಟ್ಟಾಗ ಇನ್ನೊಂದು ವಿಚಿತ್ರ ಕಂಡೆ: ಕಾದ ಬೀಡು ತನ್ನ ರಂಧ್ರಗಳಿಂದ ಎಣ್ಣೆಯನ್ನು ಬೆವರಿತು. ಒರೆಸಿದೆವು, ಮತ್ತೆ ಬೆವರಿತು, ಮತ್ತೆ ಒರೆಸಿದೆವು.

ಬೋರುಗಳಿಗೂ ಹೆಡ್ಡು ಕೂರುವ ನುಣುಪು ಮೈಗೂ ಎಣ್ಣೆ ಸವರಿ, ಮೇಲೆ ಅಂಟುಪಟ್ಟಿ, ರಟ್ಟು. ತಿರುಪಿರುವ ತೂತುಗಳಿಗೆಲ್ಲ ಹಳೆಯ ಬೋಲ್ಟು. ಅಲ್ಲಿ ಬಣ್ಣ ಬಿದ್ದರೆ ಗ್ಯಾಸ್ಕೆಟ್ ಕೂರುವುದಿಲ್ಲ, ತಿರುಪು ಕಚ್ಚುವುದಿಲ್ಲ. ಆ ಹೊತ್ತಿಗೆ ಊರ ಬೇಸಿಗೆಯ ಗಾಳಿ ಎದ್ದಿತ್ತು. ಬರಿಮೈ ಬ್ಲಾಕನ್ನು ಮಾವ ಎರಡು ದಿನ ಹಾಗೇ ಬಿಟ್ಟರು, ಗಾಳಿ ನಿಲ್ಲಲಿ ಎಂದು. ಮೂರನೆಯ ದಿನ ನಸುಕಿನಲ್ಲಿ ಅಮ್ಮನಿಂದ ಅಂಗಳಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ಡಬ್ಬಿ ತೆರೆದರು. ಆ ಎರಡು ದಿನ ಕಬ್ಬಿಣಕ್ಕೆ ಒಂದು ಚುಕ್ಕೆ ತುಕ್ಕು ಬರಲಿಲ್ಲ.

ಬರಿಮೈ ಕಬ್ಬಿಣವನ್ನು ಹಾಗೇ ಬಿಡಬಹುದೆಂಬ ಆ ನಂಬಿಕೆಯೇ ಇಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ, ನನ್ನನ್ನು ಕೆಡಿಸಿತು. ಮೂರು ವಾರಾಂತ್ಯ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ನಾಳೆ ಪ್ರೈಮರ್ ಹಚ್ಚೋಣವೆಂದು ಮಲಗಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಇಡೀ ಬ್ಲಾಕು ಅರಿಶಿನ ಕುಂಕುಮ ಕಲಸಿ ಬಳಿದಂತಿತ್ತು. ಹೊರಗೆ ಮಳೆ, ಒಳಗೆ ತೇವ. ಶುಚಿಯಾದಷ್ಟೂ ಬೀಡು ಗಾಳಿಗೆ ಬೇಗ ಸೋಲುತ್ತದೆ, ಅದನ್ನು ಕಾಯುತ್ತಿದ್ದ ಜಿಡ್ಡನ್ನು ನಾನೇ ತೆಗೆದುಹಾಕಿದ್ದೆ. ಗುರುಗುಂಟಾದಲ್ಲಿ ಧೂಳಿಗೆ ಹೆದರಬೇಕು, ಇಲ್ಲಿ ತೇವಕ್ಕೆ. ಈ ನೆಲದಲ್ಲಿ ಇಪ್ಪತ್ತೆರಡು ವರ್ಷ ಬಾಳಿದರೂ ನನ್ನ ಕೈ ಇನ್ನೂ ಊರಿನ ಗಾಳಿಯನ್ನು ನಂಬಿಯೇ ಕೆಲಸ ಮಾಡುತ್ತಿತ್ತು. ಅವತ್ತು ಆ ತುಕ್ಕಿನ ಮುಂದೆ ನಿಂತಾಗ ದುಃಖವಾಯಿತು, ತುಕ್ಕಿಗಷ್ಟೇ ಅಲ್ಲ.

ಮತ್ತೆ ತಂತಿ ಬ್ರಷ್. ಈ ಸಲ ಎಲ್ಲ ಒಂದೇ ದಿನಕ್ಕೆಂದು ಗೊತ್ತುಮಾಡಿಕೊಂಡೆ: ಬೆಳಿಗ್ಗೆ ಉಜ್ಜುವುದು, ಮಧ್ಯಾಹ್ನ ಕುದಿನೀರು, ಕಬ್ಬಿಣ ಬೆಚ್ಚಗಿರುವಾಗಲೇ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ತಾಸಿನೊಳಗೆ ಪ್ರೈಮರ್. ಶಾಖ ತಡೆಯುವ ಎನಾಮೆಲ್ ತಂದಿಟ್ಟಿದ್ದೆ, ಮೆರೂನ್ ಬಣ್ಣದ್ದು. ಥಿನ್ನರ್ ತೆರೆಯುವಾಗ ಹೀಟರ್ ಆರಿಸಿ ಬಾಗಿಲು ತೆಗೆದಿಡಬೇಕು. ಆ ಹಬೆಗೆ ಒಂದು ಕಿಡಿ ಸಾಕು.

ತೊಳೆಯುವುದು ಮುಗಿದಾಗ ಮಾವನಿಗೆ ವಿಡಿಯೊ ಕರೆ ಮಾಡಿದೆ. ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು. ಫೋನನ್ನು ಮುಖಕ್ಕೆ ಒತ್ತಿ ಹಿಡಿದು ಬಹಳ ಹೊತ್ತು ಬ್ಲಾಕನ್ನೇ ನೋಡಿದರು.

‘ನಮ್ಮದಾ ಇದು?’

‘ಅದರ ತಮ್ಮ, ಮಾವ.’

‘ನೀರು ಹಾಕು.’

ಸುರಿದೆ. ನೀರು ಒಂದೇ ಹಾಳೆಯಾಗಿ ಹರಡಿ ಅಂಚಿನಿಂದ ಇಳಿಯಿತು.

‘ಹಾಂ. ಬಿಸಿಲಿಗಿಡು ಇನ್ನ.’

‘ಬಿಸಿಲಿಲ್ಲ, ಮಾವ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾರ ನನ್ನ ಕೂಡ ಯಾಕ ಮಾತಾಡಿಕೋತ ನಿಂತಿ? ಜಲ್ದಿ ಒಣಗಿಸು.’

ಫೋನು ಕೆಳಗಿಟ್ಟು ಹೀಟರನ್ನು ಬ್ಲಾಕಿನ ಹತ್ತಿರಕ್ಕೆ ಎಳೆದೆ.