ಮಠದ ಹೊಸ್ತಿಲ ಹೊರಗಿನ ಮುಪ್ಪು

ಮುಪ್ಪು ಮೈಗೇರುವುದಕ್ಕೆ ಮೊದಲೇ ಶಿವನನ್ನು ಪೂಜಿಸಬೇಕೆಂದು ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಎಚ್ಚರಿಸಿದ್ದಾರೆ. ಅನೇಕ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠವಾಗಿರುವ ಆ ವಚನವು ತರುಣನ ಕಿವಿಗೆ ಬುದ್ಧಿವಾದ. ಎಪ್ಪತ್ತು ದಾಟಿದವನ ಕಿವಿಗೆ? ಯಾವ ಗಳಿಗೆಗೆ ಮುನ್ನ ಎಚ್ಚರಗೊಳ್ಳಬೇಕಾಗಿತ್ತೋ ಆ ಗಳಿಗೆ ಅವನ ಪಾಲಿಗೆ ಬಂದು ಕುಳಿತಿದೆ. ಎಚ್ಚರಿಕೆಯ ಮಾತು ಅವನಿಗೆ ತೀರ್ಪಿನಂತೆ ಕೇಳಿಸಿದರೆ ಅದು ಅವನ ತಪ್ಪಲ್ಲ.

ಇಂಥ ಹಿರಿಯರು ಇಂದು ವಿರಳರಲ್ಲ. ಎಳವೆಯಲ್ಲಿ ಲಿಂಗದೀಕ್ಷೆಯಾಗಿರುತ್ತದೆ, ಉದ್ಯೋಗ, ವರ್ಗಾವಣೆ, ಸಂಸಾರಗಳ ನಡುವೆ ಪೂಜೆ ತಪ್ಪುತ್ತ ಬಂದು, ಒಂದು ದಿನ ಕರಡಿಗೆಯು ಗೋಡೆಯ ಗೂಡನ್ನು ಸೇರುತ್ತದೆ. ಕೆಲವರು ಮರೆವಿನಿಂದ ದೂರವಾದವರು. ಕೆಲವರು ಮಠಗಳ ವ್ಯವಹಾರವನ್ನೂ ಒಳಪಂಗಡಗಳ ಕಲಹವನ್ನೂ ಕಂಡು ಬೇಸತ್ತು, ತಿಳಿದೇ ಹೊರನಡೆದವರು. (ಈ ಎರಡನೆಯವರ ಮಾತಿನಲ್ಲಿ ಹುರುಳಿಲ್ಲವೆನ್ನುವ ಧೈರ್ಯ ಯಾವ ಮಠಕ್ಕೂ ಇರಲಾರದು.) ಮನೆಯೊಡತಿ ಇರುವವರೆಗೆ ಗೂಡಿನ ಮುಂದೆ ದೀಪವಾದರೂ ಉರಿಯುತ್ತಿತ್ತು. ಆಕೆ ಲಿಂಗೈಕ್ಯಳಾದ ಮೇಲೆ ಅದೂ ಇಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ. ತಂದೆತಾಯಿಗಳ ಹಾಗೂ ಹಿರಿಯರ ಪೋಷಣೆಗಾಗಿ 2007ರಲ್ಲಿ ಶಾಸನವೂ ಆಯಿತು. ಶಾಸನವು ಅನ್ನ, ಬಟ್ಟೆ, ಸೂರು, ಔಷಧಗಳನ್ನು ಕೊಡಿಸೀತು. ನಡುರಾತ್ರಿಯಲ್ಲಿ ಎಚ್ಚೆತ್ತು, ಇಷ್ಟು ದಿನ ಬದುಕಿದ್ದು ಏತಕ್ಕೆಂದು ತನ್ನನ್ನು ತಾನೇ ಕೇಳಿಕೊಳ್ಳುವವನಿಗೆ ಅದು ಜೊತೆಯಾಗಲಾರದು.

ಅಂಥವರಿಗೆ ಸಾಮಾನ್ಯವಾಗಿ ದೊರೆಯುವ ಉಪದೇಶ ಒಂದೇ: ಮಠಕ್ಕೆ ಬನ್ನಿರಿ, ಮತ್ತೆ ಲಿಂಗಧಾರಣೆ ಮಾಡಿಕೊಳ್ಳಿರಿ, ಉಳಿದುದು ತಾನಾಗಿ ಆಗುವುದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನಂಬುಗೆ ಹುಟ್ಟದವನಿಗೆ ನಂಬಿದವನಂತೆ ನಡೆದುಕೋ ಎನ್ನುವುದು, ಬಾಳಿನ ಕೊನೆಯ ದಿನಗಳಲ್ಲಿ ಸುಳ್ಳಾಡು ಎಂದಂತೆಯೇ ಸರಿ. ಒಳಗಿಲ್ಲದ ಭಕ್ತಿಯನ್ನು ಹೊರಗೆ ಮೆರೆಸುವುದನ್ನು ಶರಣರು ಎಷ್ಟು ಕಟುವಾಗಿ ಖಂಡಿಸಿದರೆಂಬುದು ವಚನಗಳನ್ನು ಓದಿದವರಿಗೆಲ್ಲ ತಿಳಿದುದೇ.

ಹಾಗಾದರೆ ಮಾಡತಕ್ಕದ್ದೇನು? 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಇದಕ್ಕೊಂದು ಮೇಲ್ಪಂಕ್ತಿಯಿದೆ. ಪ್ರಭುದೇವರು ಕಲ್ಯಾಣವನ್ನು ಸೇರುವುದಕ್ಕೆ ಮೊದಲೇ ಮುಕ್ತಾಯಕ್ಕನನ್ನು ಸಂಧಿಸುತ್ತಾರೆ. ಆಕೆಯ ಸೋದರರಾದ ಲಕ್ಕುಂಡಿಯ ಅಜಗಣ್ಣನವರು ಗುಪ್ತಭಕ್ತರು. ಭಕ್ತಿಯ ಹೊರಗುರುಹನ್ನು ಲೋಕಕ್ಕೆ ತೋರದೆ ಬಾಳಿದವರು. ಊರವರ ಕಣ್ಣಿಗೆ ಅವರು ಬರಿಯ ಸಂಸಾರಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಕ್ತಾಯಕ್ಕನಿಗಾದರೋ ಒಡಹುಟ್ಟಿದವರೂ ಅವರೇ, ಗುರುವೂ ಅವರೇ. ಅವರು ಅಗಲಿದಾಗ ಆಕೆಗೆ ಒದಗಿದ ದುಃಖ ಇಮ್ಮಡಿಯಾದುದು: ರಕ್ತದ ನಂಟೂ ಹೋಯಿತು, ದಾರಿ ತೋರುವವರೂ ಹೋದರು.

ಪ್ರಭುದೇವರು ಆಕೆಗೆ ಯಾವ ವಿಧಿಯನ್ನೂ ವಿಧಿಸುವುದಿಲ್ಲ. ಅಳಲಿನ ಕಾರಣವನ್ನು ಕೇಳುತ್ತಾರೆ. ಆಕೆಯ ಮಾತಿಗೆ ಮಾತು ಕೊಡುತ್ತಾರೆ. ಆಕೆಯೂ ಒಡನೆ ತಲೆಬಾಗುವವಳಲ್ಲ. ನುಡಿಯ ಹಂಗನ್ನು ದಾಟದವರು ಅರಿತವರು ಹೇಗಾದಾರೆಂದು ಪ್ರಭುದೇವರನ್ನೇ ತಡೆದು ಕೇಳುತ್ತಾಳೆ. ಶೋಕದಲ್ಲಿರುವ ಹೆಂಗಸೊಬ್ಬಳ ಈ ದಿಟ್ಟತನಕ್ಕೆ ಅವರು ಕೋಪಗೊಳ್ಳುವುದಿಲ್ಲ. ಮೊದಲು ಕಲ್ಯಾಣಕ್ಕೆ ಬಾ, ಆಮೇಲೆ ಉತ್ತರ ಎನ್ನುವುದೂ ಇಲ್ಲ. ಶೂನ್ಯಸಿಂಹಾಸನವು ಆಗ ಇನ್ನೂ ಬರಿದಾಗಿತ್ತು. ಗುರುವಿನ ಕಾರ್ಯವು ದಾರಿಯಲ್ಲಿಯೇ ನಡೆದುಹೋಯಿತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ, ಅದು ನ್ಯಾಯವಾದುದೇ. ಅಜಗಣ್ಣನವರು ಲಿಂಗವನ್ನು ಮರೆಸಿದವರೇ ಹೊರತು ತೊರೆದವರಲ್ಲ. ಅವರನ್ನು ಕರಡಿಗೆ ಬಿಚ್ಚಿಟ್ಟವನಿಗೆ ಹೋಲಿಸುವುದು ಸಲ್ಲದು. ಅಷ್ಟಾವರಣದ ರಕ್ಷೆಯಿಲ್ಲದೆ ಷಟ್‌ಸ್ಥಲದ ಮೆಟ್ಟಿಲನ್ನು ಏರುವುದು ಸುಲಭವೆಂದು ಹೇಳಲಾಗದು. ಆದರೆ ಮರೆಸಿದವನಾರು, ತೊರೆದವನಾರು ಎಂಬುದನ್ನು ಬೀದಿಯಲ್ಲಿ ನಿಂತು ನೋಡಿದವನು ಅಳೆಯಬಲ್ಲನೇ? ಎಷ್ಟೋ ವೇಳೆ ಆ ಮುದುಕನಿಗೇ ಅದು ತಿಳಿದಿರುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮೇಲೆ ಹತ್ತು ವರ್ಷ ದೇವರ ಹೆಸರೆತ್ತದವನು, ನೆರೆಮನೆಯ ಕೂಸಿಗೆ ದಿನವೂ ಅಕ್ಷರ ತಿದ್ದಿಸುತ್ತಿರಬಹುದು. ಅದು ಕಾಯಕವಲ್ಲವೆನ್ನಲು ಬಾರದು. ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ನುಲಿಯ ಚಂದಯ್ಯನವರು ಕೈಯಲ್ಲಿದ್ದ ಕೆಲಸವನ್ನು ಬಿಡಲಿಲ್ಲವೆಂದೂ, ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತೆಂದೂ ಪರಂಪರೆ ಹೇಳುತ್ತದೆ. ಯಾರು ಯಾರನ್ನು ಹಿಂಬಾಲಿಸಬೇಕೆಂಬ ವಿಷಯದಲ್ಲಿ ಆ ಕಥೆ ಬಹು ಸ್ಪಷ್ಟವಾಗಿದೆ.

ಜಂಗಮವೆಂದರೆ ಚಲಿಸುವುದು. ಮಂಡಿ ಸೋತ ಮುದುಕನು ಮಠದ ಮೆಟ್ಟಿಲು ಹತ್ತಲಿ ಎಂದು ಕಾಯುವುದು ಆ ಹೆಸರಿಗೆ ಒಪ್ಪುವ ಮಾತಲ್ಲ. ಇಂದು ಮನೆಗೆ ಅಯ್ಯನವರು ಬರುವುದು ಲಗ್ನಕ್ಕೆ, ಗೃಹಪ್ರವೇಶಕ್ಕೆ, ಇಲ್ಲವೆ ಕ್ರಿಯಾಸಮಾಧಿಗೆ ಎಂಬಂತಾಗಿದೆ. ಈ ಕೊನೆಯದಕ್ಕೆ ಮುನ್ನ ಒಮ್ಮೆ, ಏನನ್ನೂ ನಡೆಸಿಕೊಡಲಿಕ್ಕಲ್ಲ, ಕಾಣಿಕೆಗೂ ಅಲ್ಲ, ಸುಮ್ಮನೆ ಬಂದು ಕುಳಿತು ಕೇಳಲು ಬರಬಾರದೇಕೆ? ಅಯ್ಯನವರು ಬಾರದ ಊರಿನಲ್ಲಿ ನೆರೆಯ ಭಕ್ತನೇ ಹೋಗಬಹುದು. ಹಿರಿಯನು ಮಠವನ್ನು ಬೈದರೆ ಬೈಗುಳವನ್ನೂ ಕೇಳತಕ್ಕದ್ದು. ಗೂಡಿನಲ್ಲಿರುವ ಕರಡಿಗೆಯ ಕಡೆಗೆ ಕಣ್ಣು ಹಾಯಿಸಬೇಕಾಗಿಲ್ಲ. ಮುಂದಿನ ಸೋಮವಾರ ಮತ್ತೆ ಬರುವೆನೆಂದು ಹೇಳಿ ಎದ್ದರೆ ಸಾಕು. ಆ ಸೋಮವಾರ ತಪ್ಪದೆ ಹೋಗಬೇಕು.